ತಿಮ್ಮಪ್ಪ ತಿಂದ ತುಪ್ಪ

ಸಾವಿನ ಮನೇಲಿ ನಾಲಿಗೆ ಹಿಡಿದು ಮಾತಾಡಬೇಕು ಅಂತ ದೊಡ್ಡೋರು ಸುಮ್ಮಸುಮ್ಮನೆ ಹೇಳಿಲ್ಲ. ಆದರೆ ಬಾಗೂರಿನ ತಿಮ್ಮಪ್ಪನ ತಿಥಿಯ ದಿನ ಅವನ ಮಗ ದಿಲೀಪನ ನಾಲಿಗೆಗೆ ಹಗ್ಗವೂ ಇರಲಿಲ್ಲ, ಗೂಟವೂ ಇರಲಿಲ್ಲ.

ಚಪ್ಪರದ ಕೆಳಗೆ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಅವರಿಂದ ಒಂದಿಷ್ಟು ದೂರದಲ್ಲಿ, ಜಗುಲಿಯ ಮೇಲೆ, ಚನ್ನರಾಯಪಟ್ಟಣದ ತುಪ್ಪದ ವ್ಯಾಪಾರಿ ಪರಮಶಿವಯ್ಯನವರು ಒಬ್ಬರೇ ಕೂತು ಬೆಳ್ಳಿ ಲೋಟದಲ್ಲಿ ಹಾಲು ಕುಡಿಯುತ್ತಿದ್ದರು. ಒಬ್ಬರೇ ಯಾಕೆ ಅಂದರೆ, ಅವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಬಾಡು ಬೇಯೋ ಮನೆಯಲ್ಲಿ ಬೆಂದದ್ದನ್ನು ತಿನ್ನುವವರಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪಕ್ಕೆ ಮಾತ್ರ ಆ ಕಟ್ಟು ಇಲ್ಲ. ಹಸು ಯಾರ ಕೊಟ್ಟಿಗೆಯಲ್ಲಿದ್ದರೂ ಹಸುವೇ ತಾನೆ ಅನ್ನೋದು ಅವರ ತಾತನ ಕಾಲದ ನ್ಯಾಯ. ಹಾಗಾಗಿ ಜೀವದ ಗೆಳೆಯ ತಿಮ್ಮಪ್ಪನ ಮನೆಯಲ್ಲಿ ನಲವತ್ತು ವರ್ಷದಿಂದ ಅವರ ಬಾಯಿಗೆ ಹೋದದ್ದೆಲ್ಲ ಬೆಳ್ಳಗಿರೋದೇ.

ದಿಲೀಪ ಸಾರು ಬಡಿಸುತ್ತಾ ಬಡಿಸುತ್ತಾ ಯಾರೋ ನೆಂಟನಿಗೆ ಹೇಳಿದ. ಮೆಲ್ಲಗೆ ಹೇಳಿದೆ ಅಂತ ಅವನು ಅಂದುಕೊಂಡಿರಬೇಕು. ಆದರೆ ಹಾಸನದಲ್ಲಿ ಬಸ್ ಡಿಪೋದಲ್ಲಿ ಕೆಲಸ ಮಾಡೋನ ಗಂಟಲು ಅದು, ಮೆಲ್ಲಗೆ ಅನ್ನೋದೇ ಗೊತ್ತಿಲ್ಲ.

"ನಮ್ಮಪ್ಪನ್ನ ತಿಂದಾಕಿದ್ದು ಯಾವ ಕಾಯ್ಲೆನೂ ಅಲ್ಲ ಕಣಣ್ಣ. ಈ ಅಯ್ನೋರ ತುಪ್ಪ. ತಿಂಗ್ಳು ತಿಂಗ್ಳು ಡಬ್ಬ ತಂದ್ಕಂಡು ತಿಂದ್ರೆ ಆರ್ಟು ಎಷ್ಟ್ ದಿನ ತಡ್ಕಂಡಾತು?"

"ಸುಮ್ಕಿರ್ಲಾ, ಕೇಳಿಸ್ಕತಾರೆ" ಅಂತ ಯಾರೋ ಗದರಿಸಿದರು. ಕೇಳಿಸಿಕೊಂಡಾಗಿತ್ತು. ಪರಮಶಿವಯ್ಯನವರು ಲೋಟವನ್ನು ಬಾಯಿಂದ ಇಳಿಸಿದರು. ಅವರು ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ತಿಮ್ಮಪ್ಪನ ಹೆಂಡತಿ ಸಣ್ಣಕ್ಕ ನಿಂತಿದ್ದಳು. ಮಗ ಅಂದದ್ದು ಅವಳಿಗೂ ಕೇಳಿಸಿತ್ತು. 'ಇಲ್ಲ ಕಣ್ಲಾ, ಅಂಗೆಲ್ಲ ಅನ್ಬ್ಯಾಡ' ಅಂತ ಅವಳು ಒಂದು ಮಾತು ಅಂದಾಳು ಅಂತ ಪರಮಶಿವಯ್ಯ ಕಾದರು. ಅವಳು ಅನ್ನಲಿಲ್ಲ. ಅವರನ್ನೂ ಅವರ ಕೈಲಿದ್ದ ಲೋಟವನ್ನೂ ಒಂದು ಸಲ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಸರಕ್ಕನೆ ಒಳಗೆ ಹೋದಳು. ಅಲ್ಲಿಗೆ ತೀರ್ಪು ಆಯಿತು ಅಂತ ಪರಮಶಿವಯ್ಯ ತಿಳಿದರು.

ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಅವರು ಪಕ್ಕದಲ್ಲಿ ಕೂತವರ ಜೊತೆ ಒಂದು ಮಾತಾಡಲಿಲ್ಲ. ಪರಮಶಿವಯ್ಯ ಬಸ್ಸಿನಲ್ಲಿ ಸುಮ್ಮನೆ ಕೂತಿದ್ದು ಅದೇ ಮೊದಲು.

ತಿಮ್ಮಪ್ಪನ ಗೆಳೆತನ ಹೇಗೆ ಶುರುವಾಯಿತು ಅನ್ನೋದನ್ನ ಒಂಚೂರು ಹೇಳಿಬಿಡುತ್ತೇನೆ. ಆಗಿನ್ನೂ ಡೇರಿ ಲಾರಿಗಳು ಎಲ್ಲ ಊರಿಗೂ ಬರುತ್ತಿರಲಿಲ್ಲ. ಮನೆಮನೆಯ ಹೆಂಗಸರು ಕಡೆದ ಬೆಣ್ಣೆ ಸಂತೆಗೆ ಬರುತ್ತಿತ್ತು. ಮಲ್ಲಿಪಟ್ಟಣದ ಕಡೆಯಿಂದ, ಕಟ್ಟಾಯದ ಕಡೆಯಿಂದ, ಎಲ್ಲಿಂದೆಲ್ಲಿಂದಲೋ ಬರುತ್ತಿತ್ತು. ಪರಮಶಿವಯ್ಯ ಒಂದು ಚೂರು ಬೆರಳಲ್ಲಿ ಉಜ್ಜಿ ಮೂಸಿದರೆ, ಹಸುವಿಂದೋ ಎಮ್ಮೆಯದೋ, ನಿನ್ನೆಯದೋ ಮೊನ್ನೆಯದೋ ಹೇಳಿಬಿಡೋರು. ಹಾಗೆ ಒಂದು ದಿನ ಬಾಗೂರಿನ ತಿಮ್ಮಪ್ಪ ಮುತ್ತುಗದ ಎಲೆಯಲ್ಲಿ ಹೆಂಡತಿ ಕಡೆದ ಬೆಣ್ಣೆ ತಂದ. ಬೆಣ್ಣೆ ಮಾರಿ ಎದ್ದುಹೋಗಲಿಲ್ಲ. ಗೋಣಿತಾಟಿನ ಮೇಲೆ ಕೂತ, ಮಾತಿಗೆ ಬಿದ್ದ, ಕೊನೇ ಬಸ್ಸಿಗೆ ಹೋದ. ಹೋಗುವಾಗ ಒಂದು ಡಬ್ಬ ತುಪ್ಪ ಕೊಂಡ.

"ಅಲ್ಲಯ್ಯಾ, ಸ್ವಂತ ಮನೆ ಬೆಣ್ಣೆ ಮಾರಿ, ಅದನ್ನೇ ಕಾಸಿದ ತುಪ್ಪ ಕೊಂಡ್ಕೊಂಡು ಹೋಗ್ತೀಯಲ್ಲ, ನಿನ್ನಂಥ ಪೆದ್ದ ಇನ್ನೊಬ್ಬ ಇದ್ದಾನಾ?" ಅಂತ ಪರಮಶಿವಯ್ಯ ಕೇಳಿದರೆ, "ನಮ್ಮವಳು ಕಾಸಿದ್ರೆ ಸೀದೋಯ್ತದೆ ಅಯ್ನೋರೆ. ನಿಮ್ ಕೈ ರುಚಿ ಅವಳ್ಗೆಲ್ಲಿ ಬತ್ತದೆ" ಅನ್ನೋನು. ಇನ್ನೇನು ಬೇಕು ಒಬ್ಬ ವ್ಯಾಪಾರಿಗೆ! ಅವತ್ತಿಂದ ತಿಂಗಳಿಗೊಂದು ಡಬ್ಬ ತಪ್ಪಲಿಲ್ಲ. ಪರಮಶಿವಯ್ಯನವರೂ ಬೆಣ್ಣೆ ನೋಡೋ ನೆಪದಲ್ಲಿ ಬಾಗೂರಿಗೆ ಹೋಗೋರು. ಜಗುಲಿಯ ಮೇಲೆ ಇಬ್ಬರೂ ಎದುರುಬದುರು ಕೂರೋರು. ಸಣ್ಣಕ್ಕ ಒಂದು ದಿನ ಬೆಲ್ಲ ಬೆಣ್ಣೆ, ಇನ್ನೊಂದು ದಿನ ಮೊಸರಲ್ಲಿ ನೆನೆಸಿದ ಅವಲಕ್ಕಿ, ಅದರ ಮೇಲೆ ತುಪ್ಪ, ಕೊನೆಗೆ ಲೋಟದ ತುಂಬ ಹಾಲು ತಂದಿಡೋಳು. ಇಬ್ಬರೂ ಹೊಟ್ಟೆ ಬಿರಿಯ ತಿಂದು, ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಅಲ್ಲೇ ಇತ್ಯರ್ಥ ಮಾಡೋರು. ಒಂದೇ ಒಂದು ಕೊರತೆ ಪರಮಶಿವಯ್ಯನವರ ಮನಸ್ಸಿನಲ್ಲಿತ್ತು. ಇಷ್ಟು ವರ್ಷದಲ್ಲಿ ತಿಮ್ಮಪ್ಪ ಒಂದು ದಿನವೂ ಅವರನ್ನ ಬಸ್ ಸ್ಟಾಪಿನ ತನಕ ಬಿಡಲಿಕ್ಕೆ ಬಂದವನಲ್ಲ. 'ಆಯ್ತು ಅಯ್ನೋರೆ, ಓಗ್ಬನ್ನಿ' ಅಂದವನು ಅವರು ಮೆಟ್ಟಿಲು ಇಳಿಯುವ ಮೊದಲೇ ಹಿತ್ತಲ ಕಡೆ ಹೊರಟುಬಿಡೋನು. ಗೌಡನ ಗತ್ತು ಅಂತ ಅವರು ಸುಮ್ಮನಾಗಿದ್ದರು.

ಅಂಥವನಿಗೆ ಎದೆನೋವು ಬಂದು, ಹಾಸನಕ್ಕೆ ಒಯ್ಯುವ ದಾರಿಯಲ್ಲೇ ಮುಗಿದುಹೋಯಿತು. ತಿಥಿಯಲ್ಲಿ ಮಗ ಹಾಗಂದ.

ತಿಥಿಯಿಂದ ಬಂದ ಮೇಲೆ ಪರಮಶಿವಯ್ಯನವರ ಅಂಗಡಿಯಲ್ಲಿ ನಡೆದದ್ದನ್ನ ಚನ್ನರಾಯಪಟ್ಟಣದವರು ಈಗಲೂ ಹೇಳಿಕೊಂಡು ನಗುತ್ತಾರೆ. ನಗಲಿ ಬಿಡಿ, ಅವರಿಗೇನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವರು ಹೆಗಲು ಮುಟ್ಟಿಕೊಳ್ಳೋದಲ್ಲ, ಕುಂಬಳಕಾಯಿಯನ್ನೇ ಎತ್ತಿ ಹೆಗಲ ಮೇಲೆ ಇಟ್ಟುಕೊಂಡರು. ಮನೆಯಲ್ಲಿ ತಟ್ಟೆಗೆ ತುಪ್ಪ ಹಾಕಿಸಿಕೊಳ್ಳೋದು ಬಿಟ್ಟರು. ಅದು ಹಾಳಾಗಲಿ ಅಂದರೆ, ಅಂಗಡಿಗೆ ಬಂದ ಗಿರಾಕಿಗಳನ್ನ ವಿಚಾರಣೆ ಮಾಡೋಕೆ ಶುರುಮಾಡಿದರು.

ಹೊಳೆನರಸೀಪುರ ರಸ್ತೆಯ ಕಂಟ್ರಾಕ್ಟರ್ ಸುದರ್ಶನ್ ಅಂತ ಒಬ್ಬ, ಹಬ್ಬ ಹುಣ್ಣಿಮೆಗೆ ದೊಡ್ಡ ಡಬ್ಬ ಒಯ್ಯೋ ಆಸಾಮಿ. ಅವನು ಬಂದು "ಯಾವಾಗಿನಷ್ಟೇ ಕೊಡಿ" ಅಂದ. ಪರಮಶಿವಯ್ಯ ತಕ್ಕಡಿ ಮುಟ್ಟಲಿಲ್ಲ. ಅವನ ಹೊಟ್ಟೆಯನ್ನ ನೋಡಿದರು.

"ಬಿಪಿ ನೋಡ್ಸಿದ್ದೀಯೇನಪ್ಪ?"

"ಯಾಕೆ ಅಯ್ನೋರೆ?"

"ನಿಮ್ಮಪ್ಪ ಹೋಗಿದ್ದು ಯಾವ ವಯಸ್ಸಿಗೆ? ಏನಾಗಿತ್ತು?"

"ಅದನ್ನ ಕಟ್ಕೊಂಡು ನಿಮಗೇನ್ರೀ? ತುಪ್ಪ ಕೊಡ್ತೀರೋ ಇಲ್ವೋ?"

"ಅರ್ಧ ಕೊಡ್ತೀನಿ. ಮಕ್ಕಳಿಗೆ ಹಾಕು. ನೀನು ಮೂಸಬೇಡ."

ಸುದರ್ಶನ್ ಸಿಟ್ಟಾಗಿ ಎದುರಿನ ಅಂಗಡಿಗೆ ಹೋದ. ಸಾವಿನ ಮನೆಗಳಿಗೆ ಹೋಗೋದೂ ಪರಮಶಿವಯ್ಯನವರಿಗೆ ಕಷ್ಟವಾಯಿತು. ಯಾರು ಸತ್ತರೂ, ಇವರು ನನ್ನ ಗಿರಾಕಿಯಾ, ಎಷ್ಟು ವರ್ಷದಿಂದ ಅಂತ ಮನಸ್ಸು ಹುಡುಕೋದು. ಊರಿಗೆಲ್ಲ ಬೇಕಾದ ಮನುಷ್ಯ, ಹೆಣದ ಮುಂದೆ ನಿಂತು ಕಳ್ಳನ ಹಾಗೆ ಬೆವರೋದು ಅಂದರೆ ಏನು ಸಣ್ಣ ಶಿಕ್ಷೆಯೇ? ಪಾಪ ಅನ್ನಿಸುತ್ತದೆ.

ಮಗ ಗೌರೀಶ, ಈಗ ಅಂಗಡಿ ನಡೆಸೋನು ಅವನೇ, ಎರಡು ವಾರ ತಡೆದುಕೊಂಡ. ಕೊನೆಗೆ ಊಟದ ಹೊತ್ತಲ್ಲಿ ಹೆಂಡತಿ ಪ್ರತಿಭಾಳಿಗೆ ಕೈಮುಗಿದುಬಿಟ್ಟ. "ನೀನಾದ್ರೂ ಹೇಳಮ್ಮ ತಾಯಿ. ಅಪ್ಪಾಜಿ ಹಿಂಗೇ ಕೂತ್ರೆ ನಾವು ಅಂಗಡೀಲಿ ಭಜನೆ ಮಾಡಬೇಕಾಗುತ್ತೆ."

ಪ್ರತಿಭಾ ಹಾಸನದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಸೂಜಿ ಚುಚ್ಚುವ ಡಾಕ್ಟರಲ್ಲ, ಊರೂರಿನ ಜನ ಏನು ತಿಂತಾರೆ, ಅವರಿಗೆ ಯಾವ ಕಾಯಿಲೆ ಬರುತ್ತೆ ಅಂತ ವರ್ಷಗಟ್ಟಲೆ ವಿಚಾರಿಸೋ ಡಾಕ್ಟರು. ಮಾವನ ಪಕ್ಕದಲ್ಲೇ ಕೂತು, "ನಿಮ್ಮ ಮನಸ್ಸಲ್ಲಿ ಏನಿದೆ ಬಿಡಿಸಿ ಹೇಳಿ ಮಾವ" ಅಂದಳು.

"ನನಗೆ ಒಂದೇ ಮಾತು ಬೇಕು ಕಣಮ್ಮ. ತುಪ್ಪ ತಿಂದು ಮನುಷ್ಯ ಸಾಯ್ತಾನೋ ಇಲ್ವೋ?"

"ಒಂದೇ ಮಾತಲ್ಲಿ ಹೇಳೋ ಹಾಗಿದ್ರೆ ನಮಗೆ ಇಷ್ಟು ವರ್ಷ ಕೆಲಸ ಎಲ್ಲಿರ್ತಿತ್ತು?" ಅಂತ ಪ್ರತಿಭಾ ನಕ್ಕಳು. ಆಮೇಲೆ ಮಾವನ ಮುಖ ನೋಡಿ ನಗು ನಿಲ್ಲಿಸಿದಳು. "ಬೇರೆ ಬೇರೆ ದೇಶದಲ್ಲಿ ಲಕ್ಷಗಟ್ಟಲೆ ಜನರನ್ನ ಇಪ್ಪತ್ತು ಮೂವತ್ತು ವರ್ಷ ಬಿಡದೆ ನೋಡಿದ್ದಾರೆ ಮಾವ. ಮೊಸರು ತಿನ್ನೋರಲ್ಲಿ ಸಕ್ಕರೆ ಕಾಯಿಲೆ ಒಂಚೂರು ಕಮ್ಮಿ ಅಂತ ಕೆಲವು ಕಡೆ ಕಂಡಿದೆ. ಹಾಲಿನ ಬಗ್ಗೆ ಅಂಥಾ ಗಾಬರಿ ಏನಿಲ್ಲ. ಬೆಣ್ಣೆ ತುಪ್ಪ ಕೈಮೀರಿದ್ರೆ ರಕ್ತದಲ್ಲಿ ಕೊಬ್ಬು ಏರುತ್ತೆ, ಅದು ಹೃದಯಕ್ಕೆ ಒಳ್ಳೇದಲ್ಲ. ಚಮಚದಲ್ಲಿ ತಿನ್ನೋದು ಬೇರೆ, ಸೌಟಲ್ಲಿ ತಿನ್ನೋದು ಬೇರೆ. ಅದರ ಜೊತೆಗೆ ಬೀಡಿ, ಬಿಪಿ, ಕೂತಲ್ಲೇ ಕೂರೋದು, ಮನೆತನದಲ್ಲಿ ಬಂದಿದ್ದು, ಎಲ್ಲಾ ಸೇರಿಕೊಳ್ಳುತ್ತೆ."

"ಅದು ಲಕ್ಷ ಜನದ ಮಾತಾಯ್ತು. ನನ್ನ ತಿಮ್ಮಪ್ಪನ ಮಾತು ಹೇಳು."

"ಒಬ್ಬ ಮನುಷ್ಯನ ಬಗ್ಗೆ ಹಾಗೆ ಹೇಳೋಕೆ ಯಾರಿಗೂ ಆಗಲ್ಲ ಮಾವ."

"ಅಂದ್ರೆ ನಿಮ್ಮ ವಿದ್ಯೆ ಏನು ಬಂತು? ಬೆಣ್ಣೆ ಮೂಸಿ ನಾನು ಹೇಳ್ತೀನಪ್ಪ, ಇದು ಇಂಥಾ ಎಮ್ಮೇದು ಅಂತ."

ಪ್ರತಿಭಾ ಬೇಜಾರು ಮಾಡಿಕೊಳ್ಳಲಿಲ್ಲ. "ಸರಿ, ನಾನೊಂದು ಕೇಳ್ತೀನಿ. ತಿಮ್ಮಪ್ಪನೋರು ನಿಜವಾಗ್ಲೂ ಎಷ್ಟು ತುಪ್ಪ ತಿಂತಿದ್ರು? ನೀವು ಮಾರಿದ್ದು ನಿಮಗೆ ಗೊತ್ತು. ತಿಂದಿದ್ದು ಗೊತ್ತಾ? ನಾವು ಊರೂರು ಸುತ್ತೋವಾಗ ದೊಡ್ಡ ತಲೆನೋವು ಇದೇ. ಗಂಡಸರನ್ನ ಕೇಳಿದ್ರೆ ಬಾಯಿಗೆ ಬಂದದ್ದು ಹೇಳ್ತಾರೆ. ಬಡಿಸೋರನ್ನ ಕೇಳಿದಾಗಲೇ ನಿಜ ಹೊರಗೆ ಬರೋದು."

"ನನ್ನ ಕಣ್ಣೆದುರಿಗೇ ತಿಂದಿದ್ದಾನಮ್ಮ!" ಅಂತ ಪರಮಶಿವಯ್ಯ ರೇಗಿದರು. ಅವರ ಹೆಂಡತಿ ಪ್ರೇಮಕುಮಾರಿ ಅಡುಗೆಮನೆಯಿಂದಲೇ, "ಅಷ್ಟು ಅನುಮಾನ ಇದ್ರೆ ಹೋಗಿ ಸಣ್ಣಕ್ಕನ್ನೇ ಕೇಳಿ. ಇಲ್ಲಿ ನಮ್ಮ ಪ್ರಾಣ ತಿನ್ನಬೇಡಿ" ಅಂದರು.

ಸಣ್ಣಕ್ಕನನ್ನ ಕೇಳೋದು! ಅದಕ್ಕೇ ತಾನೆ ಅವರು ಹೆದರುತ್ತಿದ್ದದ್ದು. ಹೌದು, ನಿಮ್ಮ ತುಪ್ಪವೇ ನನ್ನ ಕುಂಕುಮ ಅಳಿಸ್ತು ಅಂತ ಅವಳು ಮುಖದ ಮೇಲೆ ಅಂದರೆ ಏನು ಮಾಡೋದು? ಬಾಗೂರಿನ ದಾರಿ ಅಲ್ಲಿಗೆ ಮುಚ್ಚಿದ ಹಾಗೆ. ಆದರೆ ಕೇಳದೆ ಇರೋದೂ ಆಗಲಿಲ್ಲ. ಎರಡು ದಿನ ಒದ್ದಾಡಿದರು. ಮೂರನೇ ದಿನ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಬಾಗೂರಿನ ಬಸ್ಸು ಹತ್ತಿದರು. ಹೌದು ಅಂದರೆ ಅಂಗಡಿಗೆ ಬೀಗ ಹಾಕಿಸೋದು ಅಂತ ನಿರ್ಧಾರ ಮಾಡಿಯೇ ಹೊರಟಿದ್ದರು. ಗೌರೀಶನಿಗೆ ಹೇಳಿರಲಿಲ್ಲ, ಅಷ್ಟೇ.

ಸಣ್ಣಕ್ಕ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಅವರನ್ನ ಕಂಡವಳು ಎದ್ದು ಚಾಪೆ ಹಾಸಿದಳು. "ಬನ್ನಿ ಅಯ್ನೋರೆ. ಬಿಸ್ಲಲ್ಲಿ ಬಂದ್ಬುಟ್ರಲ್ಲ. ಕೂತ್ಕಳಿ, ಆಲು ಕಾಸ್ಕ ಬತ್ತೀನಿ" ಅಂತ ಒಳಗೆ ಹೊರಟಳು. ಮಾತಲ್ಲಿ ಸಿಟ್ಟಿರಲಿಲ್ಲ. ಅದೇ ಅವರಿಗೆ ಇನ್ನೂ ಕಷ್ಟವಾಯಿತು.

"ಹಾಲು ಬೇಡಮ್ಮ. ಕೂತ್ಕೋ. ಒಂದು ಮಾತು ಕೇಳಬೇಕು. ನೀನು ನಿಜಾನೇ ಹೇಳಬೇಕು."

ಅವಳು ಮೊರದ ಪಕ್ಕ ಕೂತಳು.

"ನನ್ನ ತುಪ್ಪ ತಿಂದೇ ತಿಮ್ಮಪ್ಪ ಹೋದನಾ?"

ಸಣ್ಣಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. "ಏನಂದ್ರಿ?"

"ಅವತ್ತು ದಿಲೀಪ ಅಂದನಲ್ಲಮ್ಮ. ನಿನಗೂ ಕೇಳಿಸ್ತು. ನೀನೂ ಇಲ್ಲ ಅನ್ನಲಿಲ್ಲ. ಅವತ್ತಿಂದ ನನಗೆ ಅನ್ನ ಇಳಿತಿಲ್ಲ. ನಲವತ್ತು ವರ್ಷ ನಾನೇ ಕೈಯಾರೆ ತೂಗಿ ಕೊಟ್ಟೆ. ಹೌದಾದ್ರೆ ಹೌದು ಅಂದುಬಿಡು, ಬೈದುಬಿಡು, ನಾನು ಕೇಳಿಸ್ಕೋತೀನಿ."

ಸಣ್ಣಕ್ಕ ಅವರನ್ನ ಬಾಯಿಬಿಟ್ಟುಕೊಂಡು ನೋಡಿದಳು. "ತುಪ್ಪವಾ? ಅವ್ರಾ?" ಅಂದಳು. ಅವಳ ಮುಖದ ಮೇಲೆ ಏನೋ ಎದ್ದು ಬಂದು, ತಡೆಯಲಾರದೆ ನಕ್ಕುಬಿಟ್ಟಳು. ಗಂಡ ಸತ್ತು ತಿಂಗಳಾಗಿದೆ, ನೋಡಿದವರು ಏನಂದುಕೊಂಡಾರು ಅಂತ ಸೆರಗು ಅಡ್ಡ ಹಿಡಿದಳು, ನಗು ಮಾತ್ರ ನಿಲ್ಲಲಿಲ್ಲ. "ಅಯ್ಯೋ ನನ್ ಸಿವನೆ! ಅಯ್ನೋರೆ, ನಮ್ಮನೆಯೋರ್ಗೆ ತುಪ್ಪದ ವಾಸ್ನೆ ಕಂಡ್ರೇ ಆಯ್ತಿರ್ನಿಲ್ಲ. ನಾನು ಬೆಣ್ಣೆ ಕಾಸಕ್ ಇಟ್ರೆ ಮೂಗ್ ಮುಚ್ಕಂಡು ತ್ವಾಟಕ್ಕೆ ಓಗ್ಬುಡೋರು. ಅದ್ಕೇ ಅಲ್ವಾ, ಬೆಣ್ಣೆನ ನಿಮ್ ಅಂಗಡಿಗೆ ತರೋಕ್ ಸುರು ಮಾಡಿದ್ದು?"

"ಮತ್ತೆ ಡಬ್ಬ? ತಿಂಗಳು ತಿಂಗಳೂ ಒಯ್ತಿದ್ನಲ್ಲ?"

"ಬಾಣ್ತೀರ್ಗೆ. ಈ ಕೇರೀಲಿ ಯಾರ್ ಮನೇಲಿ ಮಗಾ ಉಟ್ಟಿದ್ರೂ ನಿಮ್ ತುಪ್ಪಾನೇಯ. ಮಕ್ಳು ಸಣ್ಣವಾಗಿದ್ದಾಗ ಅವು ತಿಂದ್ವು. ನಾನೂ ಒಂದ್ ಚೂರು ತಿಂದಿವ್ನಿ, ಸುಳ್ಯಾಕೆ. ಅವ್ರಿಗೆ ನಿಮ್ ಅಂಗಡಿಗ್ ಬರೋಕೆ ಒಂದು ನೆಪ ಬೇಕಿತ್ತು. ಬರೀ ಕೈಲಿ ಎದ್ ಬಂದ್ರೆ ನೀವೇನ್ ಅನ್ಕತೀರೋ ಅಂತ ಡಬ್ಬ ಕೊಂಡ್ಕಂಡ್ ಬರೋರು."

ಪರಮಶಿವಯ್ಯನವರಿಗೆ ಸಮಾಧಾನವಾಗಬೇಕಿತ್ತು. ಅದಕ್ಕೆ ಮೊದಲು, ನಾಚಿಕೆ ಬಿಟ್ಟು ಹೇಳಬೇಕು ಅಂದರೆ, ವ್ಯಾಪಾರಿಯ ಮಾನಕ್ಕೆ ಪೆಟ್ಟು ಬಿತ್ತು. ನನ್ನ ತುಪ್ಪಕ್ಕೆ ಮೂಗು ಮುಚ್ಚಿಕೊಂಡನಾ, ಈ ಬಡ್ಡೀಮಗ! ಮರುಕ್ಷಣವೇ ಅವರಿಗೆ ಬೇರೆ ನೆನಪಾಯಿತು.

"ಸುಳ್ಳು ಹೇಳಬೇಡಮ್ಮ, ನನ್ನ ಸಮಾಧಾನಕ್ಕೆ ಅಂತ. ಇದೇ ಜಗುಲಿ ಮೇಲೆ, ನನ್ನ ಎದುರಿಗೆ ಕೂತು ತಿಂದಿದ್ದಾನೆ. ಅವಲಕ್ಕಿ ಮೇಲೆ ತುಪ್ಪ ಸುರ್ಕೊಂಡು ತಿಂದಿದ್ದಾನೆ. ಲೋಟ ಲೋಟ ಹಾಲು ಕುಡಿದಿದ್ದಾನೆ."

ಸಣ್ಣಕ್ಕನ ನಗು ಈಗ ನಿಂತಿತು. ಒಂದು ಕಾಯಿ ಬಿಡಿಸಿ ಕಾಳನ್ನ ಮೊರಕ್ಕೆ ಹಾಕಿದಳು.

"ನಿಮ್ ಮುಂದೆ ತಿಂತಿದ್ರು" ಅಂದಳು. "ತುಪ್ಪ ಆದ್ರೂ ಎಂಗೋ ನುಂಗೋರು. ಆಲಿಂದು ಇನ್ನೂ ಪಜೀತಿ. ಎಳೇ ವಯಸ್ಸಿಂದ್ಲೂ ಅವ್ರಿಗೆ ಆಲು ಒಗ್ಗಲ್ಲ. ಒಂದ್ ಲೋಟ ಇಳೀತು ಅಂದ್ರೆ ಒಟ್ಟೆ ಗುಡುಗುಡು, ಗುಡುಗುಡು. ನೀವು ಬತ್ತೀರಿ ಅಂತ ಗೊತ್ತಾದ್ರೆ ನಾನು ಮೊದ್ಲೇ ಇತ್ಲಲ್ಲಿ ಚೊಂಬಿಗೆ ನೀರ್ ತುಂಬಿ ಇಕ್ಕಿರೋಳು. ನೀವು ಎದ್ದು ಮೆಟ್ಲು ಇಳಿಯೋದೇ ತಡ, ಅವ್ರು ಚೊಂಬು ಇಡ್ಕಂಡು ಓಡೋರು. ರಾತ್ರಿಗಂಟ ಅದೇ ಓಡಾಟ."

ಗೌಡನ ಗತ್ತು! ಪರಮಶಿವಯ್ಯನವರಿಗೆ ನಗು ಬಂತು, ಅದರ ಹಿಂದೆಯೇ ಆ ಲೋಟಗಳೆಲ್ಲ ನೆನಪಾದವು. ಎಷ್ಟು ಸಲ! ಎಷ್ಟು ಸಲ ಆ ಮನುಷ್ಯ ತನ್ನ ಎದುರಿಗೆ ಕೂತು ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, 'ಆಲು ಅಂದ್ರೆ ಇದು ಕಣ್ರಿ ಅಯ್ನೋರೆ' ಅಂದಿದ್ದಾನೆ!

"ಯಾಕಮ್ಮ? ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ನಾನೇನು ಬಲವಂತ ಮಾಡ್ತಿದ್ನಾ?"

"ನಾನೂ ಬೈಯ್ತಿದ್ದೆ. ನಿಮಗೇನ್ ಬಂದದೆ ರೋಗ, ಆಗ್ದೋರು ಯಾಕ್ ಕುಡೀತೀರಿ ಅಂತ. ಅದ್ಕೆ ಅವ್ರು ಏನನ್ನೋರು ಗೊತ್ತಾ? 'ಅಯ್ನೋರು ನಮ್ಮನೇಲಿ ಇನ್ನೇನ್ ತಿಂತಾರೆ ಕಣಮ್ಮಿ? ನಮ್ ಮುದ್ದೆ ಮುಟ್ಟಂಗಿಲ್ಲ, ನಮ್ ಸಾರು ಮುಟ್ಟಂಗಿಲ್ಲ. ಇರದು ಇದೊಂದೇಯ. ಅದನ್ನೂ ಅವ್ರ್ ಒಬ್ರೇ ಕೂತು ಕುಡ್ಯಾಕ್ ಬುಟ್ಟು, ನಾನು ಮುಖ ನೋಡ್ಕಂಡ್ ಕುಂತ್ರೆ ಅದ್ಯಾವ ಸೀಮೆ ಗೆಣೆತನ?' ಅನ್ನೋರು."

ಹಿತ್ತಲಲ್ಲಿ ಹಸು ಒಂದು ಸಲ ಕೂಗಿತು. ಸಣ್ಣಕ್ಕ ಅತ್ತ ಕಿವಿ ಕೊಟ್ಟು, ಮತ್ತೆ ಹೇಳಿದಳು. "ಅವತ್ತು ನಾನೂ ಇಲ್ಲ ಅನ್ನನಿಲ್ಲ ಅಂದ್ರಲ್ಲ. ಆ ದಿಲೀಪ ಏನಂದ್ನೋ ಅದ ನಾನು ಮನಸ್ಗೇ ಆಕ್ಕಂಡಿಲ್ಲ ಅಯ್ನೋರೆ. ಎಳೇ ವಯಸ್ಸಿಗೇ ಪ್ಯಾಟೆ ಸೇರ್ದೋನು, ಮನೇಗ್ ಡಬ್ಬ ಬರದಷ್ಟೇ ಅವ್ನು ಕಂಡಿದ್ದು. ನೀವು ಒಬ್ರೇ ಕೂತು ಆಲು ಕುಡೀತಿದ್ರಿ. ಎದುರ್ಗೆ ಅವ್ರಿಲ್ಲ. ಅಂಗೆ ನೋಡಿದ್ದು ಅದೇ ಮೊದ್ಲು. ಅದ ನೋಡಕ್ಕಾಗ್ದೆ ಒಳಕ್ಕೋದೆ."

ಪರಮಶಿವಯ್ಯ ತಲೆ ತಗ್ಗಿಸಿದರು. "ಮತ್ತೆ ಯಾವುದರಿಂದ ಹೋದನಮ್ಮ ಅವನು?"

"ಬೀಡಿ ಸೇದೋರು, ತ್ವಾಟದಲ್ಲಿ ಕದ್ದು. ಬಿಪಿ ಮಾತ್ರೆ ಕೊಟ್ರೆ ನಂಗೆ ಕಾಣ್ದಂಗೆ ಎಮ್ಮೆ ಕಲಗಚ್ಚಿನ ಬಾನಿಗೆ ಆಕೋರು. ಅದೋ, ವಯಸ್ಸೋ, ಅಣೇಬರವೋ, ನಂಗೇನ್ ಗೊತ್ತು. ತುಪ್ಪದಿಂದಂತೂ ಅಲ್ಲ. ನೀವು ಅದೊಂದ ತಲೆಯಿಂದ ತೆಗ್ದಾಕಿ."

ತೆಗೆದುಹಾಕಿದರು. ಬಿಡುಗಡೆಯಾಯಿತು. ಅವರ ತಕ್ಕಡಿಯ ಮೇಲೆ ಕೊಲೆಯ ಪಾಪ ಇಲ್ಲ, ಅಂಗಡಿಗೆ ಬೀಗ ಹಾಕಿಸಬೇಕಾಗಿಲ್ಲ, ಗೌರೀಶ ನೆಮ್ಮದಿಯಾಗಿ ವ್ಯಾಪಾರ ಮಾಡಬಹುದು. ಆದರೆ ಜಗುಲಿಯ ಮೇಲೆ ಕೂತ ಆ ಮುದುಕರಿಗೆ, ತುಪ್ಪವೇ ಕೊಂದಿದೆ ಅಂತ ಅವಳು ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅದಕ್ಕೊಂದು ಪ್ರಾಯಶ್ಚಿತ್ತ ಇತ್ತು. ತುಪ್ಪ ಬಿಡೋದು, ಅಂಗಡಿ ಮುಚ್ಚೋದು, ದೇವರ ಮುಂದೆ ಅಡ್ಡ ಬೀಳೋದು. ಇದಕ್ಕೆ ಏನಿದೆ? ನಲವತ್ತು ವರ್ಷ ಒಬ್ಬ ಮನುಷ್ಯ ಹೊಟ್ಟೆ ನೋಯಿಸಿಕೊಂಡು ಅವರ ಹತ್ತಿರಕ್ಕೆ ಬಂದು ಕೂತಿದ್ದ. ಅವರು ಒಂದು ಹೆಜ್ಜೆ ಅವನ ಕಡೆಗೆ ಸರಿದಿರಲಿಲ್ಲ. ಹಾಸನದ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುವಾಗ ಒಳಗೆ ಯಾರು ಬೇಯಿಸುತ್ತಿದ್ದಾರೆ, ಯಾವ ಪಾತ್ರೆಯಲ್ಲಿ ಬೇಯಿಸುತ್ತಿದ್ದಾರೆ ಅಂತ ಅವರು ಒಂದು ದಿನ ಕೇಳಿದವರಲ್ಲ. ಶಾಸ್ತ್ರ ನೆನಪಾಗುತ್ತಿದ್ದದ್ದು ಬಾಗೂರಿನ ಈ ಒಂದು ಹೊಸಲ ಮುಂದೆ ಮಾತ್ರ. ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು, ಶಲ್ಯದಲ್ಲಿ ಒರೆಸಿಕೊಂಡರು.

"ಇವತ್ತು ಏನಮ್ಮ ಅಡುಗೆ?" ಅಂತ ಕೇಳಿದರು.

"ಏನಿದ್ದಾತು? ಮುದ್ದೆ, ಅವರೆಕಾಳು ಸಾರು. ನಾನೊಬ್ಳು ಉಣ್ಣಕ್ಕೆ."

"ನನಗೂ ಇಕ್ಕು."

ಕಾಯಿ ಬಿಡಿಸುತ್ತಿದ್ದ ಸಣ್ಣಕ್ಕನ ಕೈ ನಿಂತಿತು. "ನಮ್ಮನೇದಾ? ಬ್ಯಾಡಿ ಅಯ್ನೋರೆ. ಈ ದುಕ್ಕದಾಗೆ ಏನೋ ಅಂತೀರಿ, ನಾಳೆ ನಿಮ್ಗೇ ಬ್ಯಾಸ್ರ ಆಯ್ತದೆ. ಅಮ್ಮಾವ್ರು ನನ್ನ ಬೈತಾರೆ. ಇದೇ ಒಲೆ ಮ್ಯಾಲೆ, ಇದೇ ಮಡಕೇಲಿ..."

"ಗೊತ್ತಮ್ಮ. ಇಕ್ಕು."

ಅವಳು ಅವರನ್ನೇ ನೋಡಿದಳು. ತಿಂಗಳಿಂದ ಯಾರ ಮೇಲೂ ತೋರಿಸದ ಸಿಟ್ಟು ಒಂದೇ ಸಲಕ್ಕೆ ಬಂತು.

"ಈಗ ಕೇಳ್ತೀರಿ!" ಅಂದಳು. "ಅವ್ರು ಇದ್ದಾಗ ಒಂದ್ ದಿನ ಕೇಳಿದ್ರೆ ನಿಮ್ ಗಂಟು ಏನ್ ಓಗಿರದು ಅಯ್ನೋರೆ? ಒಂದೇ ಒಂದ್ ದಿನ! ಊರ್ಗೆಲ್ಲ ಸಾರ್ಕಂಡ್ ಬರೋರು ನನ್ನೆಜಮಾನ್ರು."

"ಕೇಳಬೇಕಿತ್ತು ಕಣಮ್ಮ" ಅಂದರು ಪರಮಶಿವಯ್ಯ. "ಕೇಳಲಿಲ್ಲ. ತಪ್ಪಾಯ್ತು."

ಸಣ್ಣಕ್ಕ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಒಳಗೆ ಅವಳು ಮೂಗು ಸೀಟುವ ಸದ್ದು ಕೇಳಿಸಿತು, ಆಮೇಲೆ ಮುದ್ದೆ ತೊಳಸುವ ಸದ್ದು. ಪರಮಶಿವಯ್ಯ ಚೊಂಬಿನ ನೀರಲ್ಲಿ ಕೈ ತೊಳೆದು, ಹೊಸಲು ದಾಟಿ, ನಡುಮನೆಯಲ್ಲಿ ನೆಲದ ಮೇಲೆ ಕೂತರು. ಅವಳು ಸ್ಟೀಲ್ ತಟ್ಟೆ ತಂದು ಅವರ ಮುಂದಿಟ್ಟಳು. ಹೊಗೆಯಾಡುವ ಮುದ್ದೆ, ಸುತ್ತ ಸಾರು. ಬಾಗಿಲಿಗೆ ಒರಗಿ ನಿಂತಳು.

ಅವರು ಒಂದು ತುತ್ತು ಮುರಿದು, ಸಾರಲ್ಲಿ ಹೊರಳಿಸಿ ನುಂಗಿದರು. ಇನ್ನೊಂದು ನುಂಗಿದರು. ಕಣ್ಣಿಂದ ನೀರು ಧಾರಾಕಾರ ಇಳಿಯಿತು, ಈ ಸಲ ಒರೆಸಿಕೊಳ್ಳೋಕೆ ಹೋಗಲಿಲ್ಲ.

"ಕಾರ ಆಯ್ತಾ ಅಯ್ನೋರೆ?" ಸಣ್ಣಕ್ಕ ಕೇಳಿದಳು. ಸಿಟ್ಟು ಇಳಿದಿತ್ತು. "ಮೊಸ್ರು ತರ್ಲಾ?"

"ಮೊಸರು ಬೇಡ ಕಣಮ್ಮ" ಅಂದರು ಅವರು. "ಇನ್ನೊಂಚೂರು ಸಾರು ಬಿಡು."